ಲಂಡನ್ ಗಡಿಯಾರ ಮುಂದೆ ಜಿಗಿದಾಗ ನಿಮ್ಮ ಕಂಪ್ಯೂಟರ್ ತಪ್ಪು ಟೈಮ್ ತೋರಿಸದಿರಲು

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲು ಜೋರಾಗಿದ್ದ ಜನವರಿಯಲ್ಲಿ, ಕಾಫಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಕೂರಿಸಿದೆ. ‘ನಮ್ಮ ಟೈಮ್ ಪಕ್ಕದಲ್ಲೇ ಲಂಡನ್ ಟೈಮೂ ಕಾಣೋ ಹಾಗೆ ಮಾಡಿಕೊಡಿ’ ಅಂದರು. ರೋಬಸ್ಟಾ ರೇಟು ಹುಟ್ಟುವುದೇ ಅಲ್ಲಿ, ಅವರು ಕೇಳಿದ್ದು ಸರಿಯೇ. ಎರಡು ನಿಮಿಷದಲ್ಲಿ ಮಾಡಿಕೊಟ್ಟೆ. ಕಾಫಿ ಕುಡಿದು ಬಂದೆ.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಮಾರ್ಚ್ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ‘ಏನ್ರೀ, ನೀವು ಹಾಕಿಕೊಟ್ಟ ಗಡಿಯಾರದಲ್ಲಿ ಈಗ ಲಂಡನ್ ಒಂಬತ್ತು ಗಂಟೆ. ಊಟ ಮಾಡಿ ಬಂದು ಕೂತರೆ ಒಂಬತ್ತಕ್ಕೆ ತೆರೆಯಬೇಕಾದ ಅಲ್ಲಿನ ಕಾಫಿ ಮಾರುಕಟ್ಟೆ ಆಗಲೇ ಒಂದು ಗಂಟೆ ಓಡಿಬಿಟ್ಟಿದೆ!’

ಹೋಗಿ ನೋಡಿದೆ. ತಪ್ಪು ನನ್ನದೇ. ಟೈಮ್ ಝೋನ್ ಪಟ್ಟಿಯಲ್ಲಿ ‘ಡಬ್ಲಿನ್, ಎಡಿನ್‌ಬರೋ, ಲಿಸ್ಬನ್, ಲಂಡನ್’ ಅಂತ ಒಂದು ಸಾಲಿದೆ. ಅದರ ಹತ್ತಿರವೇ ‘ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್’ ಅಂತ ಇನ್ನೊಂದು, ಎಲ್ಲ ಊರಿನ ಟೈಮನ್ನೂ ಲೆಕ್ಕ ಹಾಕುವ ಮೂಲ ಟೈಮ್ ಅದು. ಎರಡಕ್ಕೂ ಸೊನ್ನೆ ವ್ಯತ್ಯಾಸ. ಎರಡೂ ಒಂದೇ ಅಲ್ವಾ ಅಂತ ಸುಮ್ನೆ ಮೇಲೆ ಕಂಡದ್ದನ್ನು ಒತ್ತಿದ್ದೆ. ಚಳಿಗಾಲದಲ್ಲಿ ಎರಡೂ ಒಂದೇ. ಮಾರ್ಚ್ ಕೊನೆಯ ಭಾನುವಾರ ಲಂಡನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ಬೇಸಿಗೆಗೆ ಮುಂದೆ, ಚಳಿಗಾಲಕ್ಕೆ ಹಿಂದೆ ಇಡುವ ಈ ಪದ್ಧತಿಗೆ ‘ಡೇಲೈಟ್ ಸೇವಿಂಗ್’ ಅನ್ನುತ್ತಾರೆ. ಯೂನಿವರ್ಸಲ್ ಟೈಮ್ ಇದ್ದಲ್ಲೇ ಇತ್ತು. ಅದು ಎಂದೂ ಅಲ್ಲಾಡುವುದಿಲ್ಲ.

ಆಮೇಲೆ ಗಮನಿಸುತ್ತಾ ಹೋದೆ. ಈ ಒಂದು ಗಂಟೆಯ ರಗಳೆ ಇರುವುದು ಕಾಫಿ ವ್ಯಾಪಾರಿಗಳಿಗೆ ಮಾತ್ರ ಅಲ್ಲ. ತೋಟದ ಮನೆಯಿಂದ ಅಮೆರಿಕದ ಕಂಪನಿಗೆ ಕೆಲಸ ಮಾಡುವ ಹುಡುಗರು, ಮಗಳು ಸಿಯಾಟಲ್‌ನಲ್ಲಿರುವ ತಂದೆ ತಾಯಿ, ಯೂರೋಪಿನ ಅತಿಥಿಗಳು ಬರುವ ಹೋಮ್‌ಸ್ಟೇಯವರು ಎಲ್ಲರೂ ವರ್ಷಕ್ಕೆ ಎರಡು ಸಲ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಅವರಿಗೆಲ್ಲ ಒಬ್ಬೊಬ್ಬರಾಗಿ ಹೇಳುವ ಬದಲು ಇಲ್ಲೇ ಬರೆದಿಡುತ್ತಿದ್ದೇನೆ.

ಯಾರ ಗಡಿಯಾರ ಯಾವಾಗ ಜಿಗಿಯುತ್ತದೆ

ನಮ್ಮದು ಜಿಗಿಯುವುದೇ ಇಲ್ಲ. ಮಿರ್ಜಾಪುರದ ಹತ್ತಿರ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶವೇ ಭಾರತದ ಸಮಯಕ್ಕೆ ಲೆಕ್ಕ. ಯೂನಿವರ್ಸಲ್ ಟೈಮ್‌ಗಿಂತ ಐದೂವರೆ ಗಂಟೆ ಮುಂದೆ, ವರ್ಷವಿಡೀ ಅಷ್ಟೇ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದಲ್ಲೂ ಗಡಿಯಾರ ಒಂದು ಗಂಟೆ ಮುಂದಿತ್ತು. ಈಗ ಆ ಪದ್ಧತಿ ಇಲ್ಲ. ಅಸ್ಸಾಮಿನ ಟೀ ತೋಟಗಳಲ್ಲಿ ಮಾತ್ರ ‘ಬಾಗಾನ್ ಟೈಮ್’ ಅಂತ ಒಂದು ಗಂಟೆ ಮುಂದಿಟ್ಟುಕೊಳ್ಳುವ ರೂಢಿ ಇದೆ, ಬೆಳಕು ಬೇಗ ಹರಿಯುತ್ತದಲ್ಲ, ಅದಕ್ಕೆ. ನಮ್ಮ ಕಾಫಿ ತೋಟಗಳಿಗೆ ಅದರ ಅಗತ್ಯ ಬಿದ್ದಿಲ್ಲ. ಚಿಕ್ಕಮಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಮಿರ್ಜಾಪುರಕ್ಕಿಂತ ಸುಮಾರು 27 ನಿಮಿಷ ತಡವಾಗಿ. ಬೇಸಿಗೆಯ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಗಿಡ್ಡ ಹಗಲಿಗೂ ನಮ್ಮಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲಂಡನ್‌ನಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆ, ಡಿಸೆಂಬರ್ ಹಗಲು ಎಂಟು ಗಂಟೆಯೂ ಇಲ್ಲ. ಅವರು ಗಡಿಯಾರ ತಿರುಗಿಸುವುದು ಅದಕ್ಕೆ.

ಬ್ರಿಟನ್ ಮತ್ತು ಯೂರೋಪಿನ ಬಹುತೇಕ ದೇಶಗಳು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದಿಡುತ್ತವೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತವೆ. ಎರಡೂ ಸಲ ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಗ್ಗೆ 6:30ಕ್ಕೆ. ಅಂದರೆ ನೀವು ಮೊದಲ ಲೋಟ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ಕೆಲಸ ಮುಗಿದಿರುತ್ತದೆ. ಅಮೆರಿಕ ಬೇರೆ ದಾರಿ ಹಿಡಿದಿದೆ: ಮಾರ್ಚ್ ಎರಡನೇ ಭಾನುವಾರ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಮುಂಚೆ ಅಲ್ಲಿ ಏಪ್ರಿಲ್ ಮೊದಲ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇತ್ತು. 2005ರಲ್ಲಿ ಕಾನೂನು ಬದಲಿಸಿದರು, 2007ರಿಂದ ಜಾರಿಗೆ ಬಂತು. ಆ ಮಾರ್ಚ್‌ನಲ್ಲಿ ಹೊಸ ನಿಯಮ ತುಂಬಿಸದೆ ಬಿಟ್ಟ ಹಳೇ ವಿಂಡೋಸ್ ಯಂತ್ರಗಳೆಲ್ಲ ಮೂರು ವಾರ ತಪ್ಪು ಟೈಮ್ ತೋರಿಸಿದವು.

ಲಂಡನ್ನೂ ನ್ಯೂಯಾರ್ಕೂ ಒಂದೇ ದಿನ ಬದಲಾಗುವುದಿಲ್ಲ ಎನ್ನುವುದೇ ತಲೆನೋವಿನ ಜಾಗ. 2026ರಲ್ಲಿ ಅಮೆರಿಕಕ್ಕೆ ಮಾರ್ಚ್ 8, ಬ್ರಿಟನ್‌ಗೆ ಮಾರ್ಚ್ 29. ನಡುವೆ ಮೂರು ವಾರ. 2027ರಲ್ಲಿ ಮಾರ್ಚ್ 14 ಮತ್ತು 28, ಎರಡು ವಾರ. ಆ ದಿನಗಳಲ್ಲಿ ಎರಡು ಊರಿನ ಅಂತರ ಐದು ಗಂಟೆಯ ಬದಲು ನಾಲ್ಕೇ ಗಂಟೆ. ವರ್ಷದ ಕೊನೆಗೂ ಹೀಗೇ ಒಂದು ವಾರ ಬರುತ್ತದೆ: 2026ರಲ್ಲಿ ಅಕ್ಟೋಬರ್ 25ರಿಂದ ನವೆಂಬರ್ 1, 2027ರಲ್ಲಿ ಅಕ್ಟೋಬರ್ 31ರಿಂದ ನವೆಂಬರ್ 7. ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ಅಂತ ಎರಡನ್ನೂ ನೋಡುವವರು ಈ ತಾರೀಕುಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತಿಸಿಟ್ಟುಕೊಳ್ಳಿ. ಆ ವಾರಗಳಲ್ಲಿ ವಹಿವಾಟಿನ ಹೊತ್ತಿನ ಬಗ್ಗೆ ವಿನಿಮಯ ಕೇಂದ್ರ ಏನು ಪ್ರಕಟಣೆ ಹಾಕಿದೆ ಅಂತಲೂ ನೋಡಿಕೊಳ್ಳಿ.

ಲಂಡನ್ ರೋಬಸ್ಟಾ ವಹಿವಾಟು ಅಲ್ಲಿನ ಬೆಳಗ್ಗೆ 9ರಿಂದ ಸಂಜೆ 5:30. ನಮಗೆ ಅದು ಚಳಿಗಾಲದಲ್ಲಿ ಮಧ್ಯಾಹ್ನ 2:30ರಿಂದ ರಾತ್ರಿ 11. ಬೇಸಿಗೆಯಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 10. ನನ್ನ ವ್ಯಾಪಾರಿ ಮಿತ್ರರ ಊಟ ಸಿಕ್ಕಿಕೊಂಡದ್ದು ಇದೇ ಒಂದು ಗಂಟೆಯಲ್ಲಿ.

ಗಡಿಯಾರ ಬೇರೆ, ಪಂಚಾಂಗ ಬೇರೆ

ಸೆಟ್ಟಿಂಗ್‌ಗೆ ಕೈ ಹಾಕುವ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಲಿ. ಅದೊಂದು ಗೊತ್ತಿದ್ದರೆ ಅರ್ಧ ಗಲಿಬಿಲಿ ಅಲ್ಲೇ ಕಳೆಯುತ್ತದೆ.

ಕಂಪ್ಯೂಟರ್ ಇಂಟರ್ನೆಟ್‌ನಿಂದ ಟೈಮ್ ತರಿಸಿಕೊಳ್ಳುತ್ತದೆ, ನಿಜ. ಆದರೆ ತರಿಸಿಕೊಳ್ಳುವುದು ಯೂನಿವರ್ಸಲ್ ಟೈಮ್ ಮಾತ್ರ. ಅದರಲ್ಲಿ ಚಿಕ್ಕಮಗಳೂರೂ ಇಲ್ಲ, ಲಂಡನ್ನೂ ಇಲ್ಲ. ಅದಕ್ಕೆ ಎಷ್ಟು ಗಂಟೆ ಕೂಡಿಸಬೇಕು, ಯಾವ ಭಾನುವಾರದಿಂದ ಕೂಡಿಸಬೇಕು ಅನ್ನುವುದು ಕಂಪ್ಯೂಟರ್ ಒಳಗೇ ಇರುವ ಒಂದು ನಿಯಮದ ಪಟ್ಟಿಯಲ್ಲಿರುತ್ತದೆ. ಪಟ್ಟಿ ಹಳೆಯದಾದರೆ ಟೈಮ್ ತರಿಸುವ ‘ಸಿಂಕ್ ನೌ’ ಗುಂಡಿ ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ. ಹೋದ ವರ್ಷದ ಪಂಚಾಂಗ ಗೋಡೆಗೆ ತೂಗುಹಾಕಿಕೊಂಡು ಏಕಾದಶಿ ಉಪವಾಸ ಹಿಡಿದ ಹಾಗೆ. ಚಂದ್ರ ಸರಿಯಾಗೇ ಇದ್ದಾನೆ, ಪುಸ್ತಕ ಹಳೆಯದು.

ಈ ಪಂಚಾಂಗ ಆಗಾಗ ಬದಲಾಗುತ್ತಲೇ ಇರುತ್ತದೆ. ಸರ್ಕಾರಗಳು ಮನಸ್ಸು ಬಂದಾಗ ನಿಯಮ ಬದಲಿಸುತ್ತವೆ. ಟರ್ಕಿ 2016ರಲ್ಲಿ ಗಡಿಯಾರ ತಿರುಗಿಸುವುದನ್ನೇ ಬಿಟ್ಟಿತು. ಮೆಕ್ಸಿಕೋದ ಬಹುಭಾಗ 2022ರಲ್ಲಿ ಬಿಟ್ಟಿತು. ಅದೇ ವರ್ಷ ಜೋರ್ಡಾನ್ ಬೇಸಿಗೆ ಟೈಮ್‌ನಲ್ಲೇ ಕಾಯಂ ಆಗಿ ನಿಂತಿತು, ಅದೂ ಕೆಲವೇ ವಾರ ಮುಂಚೆ ಹೇಳಿ. ಈಜಿಪ್ಟ್ ಬಿಟ್ಟಿದ್ದನ್ನು 2023ರಲ್ಲಿ ಮತ್ತೆ ಶುರು ಮಾಡಿತು. ಕಝಾಕಿಸ್ತಾನ 2024ರ ಮಾರ್ಚ್ 1ಕ್ಕೆ ಇಡೀ ದೇಶವನ್ನು ಒಂದೇ ಟೈಮ್‌ಗೆ ತಂದಿತು. ಎಲ್ಲಕ್ಕಿಂತ ಮಜಾ ಲೆಬನಾನ್‌ದು. 2023ರ ಮಾರ್ಚ್‌ನಲ್ಲಿ ಗಡಿಯಾರ ಮುಂದಿಡುವುದನ್ನು ರಂಜಾನ್ ಮುಗಿಯುವ ತನಕ ತಡ ಮಾಡುತ್ತೇವೆ ಅಂತ ಕೊನೇ ಗಳಿಗೆಯಲ್ಲಿ ಹೇಳಿದರು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಟೈಮ್ ನಡೆಯಿತು. ಆಮೇಲೆ ತೀರ್ಮಾನ ವಾಪಸ್ ತೆಗೆದುಕೊಂಡರು. ಕಂಪ್ಯೂಟರ್ ಪಾಪ ಏನು ಮಾಡೀತು.

ಯೂರೋಪಿನಲ್ಲೂ ಇದನ್ನು ನಿಲ್ಲಿಸಬೇಕು ಅಂತ 2019ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಮತ ಹಾಕಿತು. ಅಮೆರಿಕದ ಸೆನೆಟ್ 2022ರಲ್ಲಿ ಕಾಯಂ ಬೇಸಿಗೆ ಟೈಮ್ ಇರಲಿ ಎಂದು ಒಂದು ಮಸೂದೆ ಒಪ್ಪಿತು. ಎರಡೂ ಮುಂದೆ ಹೋಗಲಿಲ್ಲ. ಆದರೆ ಒಂದು ದಿನ ಹೋದರೆ, ನಮ್ಮ ಯಂತ್ರಗಳಲ್ಲೂ ಪಂಚಾಂಗ ಬದಲಾಗಬೇಕು.

ವಿಂಡೋಸ್‌ನಲ್ಲಿ ಮಾಡುವ ಕ್ರಮ

ಮೊದಲು ನಿಮ್ಮದೇ ಟೈಮ್ ಝೋನ್ ಸರಿಯಿದೆಯಾ ನೋಡಿ. ಪರದೆಯ ಬಲಗಡೆ ಕೆಳಗೆ ಗಡಿಯಾರ ಇದೆಯಲ್ಲ, ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ. ‘ಅಡ್ಜಸ್ಟ್ ಡೇಟ್ ಅಂಡ್ ಟೈಮ್’ ಅಂತ ಬರುತ್ತದೆ. ಒಳಗೆ ಹೋದರೆ ‘ಟೈಮ್ ಝೋನ್’ ಅಂತ ಒಂದು ಪಟ್ಟಿ. ಅಲ್ಲಿ ಇರಬೇಕಾದ್ದು ‘ಚೆನ್ನೈ, ಕೋಲ್ಕತ್ತಾ, ಮುಂಬೈ, ನ್ಯೂ ಡೆಲ್ಲಿ’. ಬೆಂಗಳೂರಿನ ಹೆಸರಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಹುಡುಕಿ ಪ್ರಯೋಜನವಿಲ್ಲ.

ಅದರ ಕೆಳಗೇ ‘ಶ್ರೀ ಜಯವರ್ಧನೆಪುರ’ ಅಂತ ಇನ್ನೊಂದು ಐದೂವರೆ ಗಂಟೆಯ ಸಾಲಿದೆ. ಹಾಸನದಿಂದ ರಿಪೇರಿಗೆ ಬಂದ ಒಂದು ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ಹಾಕಿದ್ದರು. ‘ಟೈಮ್ ಸರಿಯಾಗೇ ತೋರಿಸ್ತಿದೆಯಲ್ಲ’ ಅಂದರು. ತೋರಿಸುತ್ತದೆ. ಆದರೆ ಅದು ಶ್ರೀಲಂಕಾದ ಟೈಮ್. ಅವರು 1996ರಲ್ಲಿ ಎರಡು ಸಲ ಗಡಿಯಾರ ಬದಲಿಸಿದ್ದರು, 2006ರಲ್ಲಿ ಮತ್ತೆ ಐದೂವರೆಗೆ ಬಂದರು. ನಾಳೆ ಅವರು ಮತ್ತೆ ಬದಲಿಸಿದರೆ ನಿಮ್ಮ ಟೈಮೂ ಅವರ ಹಿಂದೆ ಹೋಗುತ್ತದೆ. ಇದ್ದ ಊರಿನ ಹೆಸರನ್ನೇ ಹಾಕಿ. ಗಂಟೆಯ ಲೆಕ್ಕ ನೋಡಿ ಹಾಕಬೇಡಿ.

ಹೊಸದಾಗಿ ವಿಂಡೋಸ್ ಹಾಕಿದ ಯಂತ್ರಗಳಲ್ಲಿ ಇನ್ನೊಂದು ಕಾಣುತ್ತದೆ. ಅದು ಅಮೆರಿಕದ ‘ಪೆಸಿಫಿಕ್ ಟೈಮ್’ನಲ್ಲೇ ಕೂತಿರುತ್ತದೆ. ಜನ ಏನು ಮಾಡುತ್ತಾರೆ? ಝೋನ್ ಬಿಟ್ಟು ಗಡಿಯಾರದ ಮುಳ್ಳು ತಿರುಗಿಸುತ್ತಾರೆ. ಪರದೆಯಲ್ಲಿ ಟೈಮ್ ಸರಿ ಕಾಣುತ್ತದೆ, ಒಳಗಿನ ಲೆಕ್ಕವೆಲ್ಲ ಹನ್ನೆರಡು ಗಂಟೆಗೂ ಜಾಸ್ತಿ ತಪ್ಪಿರುತ್ತದೆ. ಕಳಿಸಿದ ಮೇಲ್ ನಾಳೆಯ ತಾರೀಕಿನಲ್ಲಿ ಹೋಗುತ್ತದೆ, ಬ್ಯಾಂಕಿನ ಸೈಟು ಓಪನ್ ಆಗಲ್ಲ ಅನ್ನುತ್ತದೆ. ಆಮೇಲೆ ಮಾರ್ಚ್ ಎರಡನೇ ಭಾನುವಾರ ಗಡಿಯಾರ ತಾನಾಗೇ ಒಂದು ಗಂಟೆ ಜಿಗಿಯುತ್ತದೆ. ‘ನಮ್ಮ ಕಂಪ್ಯೂಟರ್‌ಗೆ ದೆವ್ವ ಹಿಡಿದಿದೆ’ ಅಂತ ಒಬ್ಬರು ನಿಜವಾಗಿ ಹೇಳಿದ್ದರು.

ಝೋನ್ ಸರಿಯಾದ ಮೇಲೆ ಅದೇ ಪುಟದಲ್ಲಿ ‘ಸೆಟ್ ಟೈಮ್ ಆಟೋಮ್ಯಾಟಿಕಲಿ’ ಆನ್ ಇರಲಿ. ‘ಸಿಂಕ್ ನೌ’ ಒಂದು ಸಲ ಒತ್ತಿ. ‘ಅಡ್ಜಸ್ಟ್ ಫಾರ್ ಡೇಲೈಟ್ ಸೇವಿಂಗ್ ಟೈಮ್ ಆಟೋಮ್ಯಾಟಿಕಲಿ’ ಅನ್ನುವ ಗುಂಡಿ ಭಾರತದ ಝೋನ್‌ನಲ್ಲಿ ಮಂಕಾಗಿರಬಹುದು ಅಥವಾ ಕಾಣದೇ ಇರಬಹುದು. ನಮಗೆ ಆ ಪದ್ಧತಿಯೇ ಇಲ್ಲ, ಅದಕ್ಕೆ ಕೆಲಸವೂ ಇಲ್ಲ. ಅಮೆರಿಕದಿಂದ ಮಗ ತಂದುಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅದು ಆನ್ ಇದ್ದರೂ ಚಿಂತೆಯಿಲ್ಲ, ಝೋನ್ ಭಾರತದ್ದು ಮಾಡಿದರೆ ಸಾಕು. ಆ ಗುಂಡಿಯನ್ನು ಆಫ್ ಮಾಡುವ ಸಂದರ್ಭ ನಿಮಗೆ ಬರುವುದೇ ಇಲ್ಲ ಅಂದುಕೊಳ್ಳಿ.

ಲಂಡನ್, ನ್ಯೂಯಾರ್ಕ್ ಗಡಿಯಾರ ಸೇರಿಸಲು ಅದೇ ಪುಟದಲ್ಲಿ ಕೆಳಗೆ ಹೋಗಿ, ‘ಅಡಿಷನಲ್ ಕ್ಲಾಕ್ಸ್’ ಹುಡುಕಿ. ಹಳೇ ಕಾಲದ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ‘ಶೋ ದಿಸ್ ಕ್ಲಾಕ್’ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಪಟ್ಟಿಯಿಂದ ಝೋನ್ ಆರಿಸಿ, ಕೆಳಗೆ ಹೆಸರು ಬರೆಯಿರಿ. ಕನ್ನಡದಲ್ಲೇ ‘ಲಂಡನ್ ರೋಬಸ್ಟಾ’ ಅಂತ ಬರೆದರೂ ತೆಗೆದುಕೊಳ್ಳುತ್ತದೆ. ಇಂಥ ಎರಡು ಗಡಿಯಾರ ಇಡಬಹುದು, ಮೂರನೆಯದಕ್ಕೆ ಜಾಗವಿಲ್ಲ. ಆಮೇಲೆ ಕೆಳಗಿನ ಗಡಿಯಾರದ ಮೇಲೆ ಮೌಸ್ ಇಟ್ಟರೆ ಮೂರೂ ಟೈಮ್ ಒಟ್ಟಿಗೆ ಕಾಣುತ್ತವೆ.

ಇಲ್ಲಿಯೇ ನಾನು ಎಡವಿದ್ದು, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ. ಲಂಡನ್‌ಗೆ ‘ಲಂಡನ್’ ಅಂತ ಹೆಸರಿರುವ ಸಾಲನ್ನೇ ಆರಿಸಬೇಕು. ‘ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್’ ಬೇಡ. ಅಲ್ಲೇ ಇರುವ ‘ಮನ್ರೋವಿಯಾ, ರೇಕ್ಯಾವಿಕ್’ ಕೂಡ ಬೇಡ, ಅವೂ ವರ್ಷವಿಡೀ ಅಲ್ಲಾಡದ ಊರುಗಳು. ನ್ಯೂಯಾರ್ಕ್‌ಗೆ ‘ಈಸ್ಟರ್ನ್ ಟೈಮ್’ ಆರಿಸಿ. ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೋಗೆ ‘ಪೆಸಿಫಿಕ್ ಟೈಮ್’. ಫೀನಿಕ್ಸ್‌ನಲ್ಲಿ ನಿಮ್ಮವರಿದ್ದರೆ ‘ಅರಿಝೋನಾ’ ಅಂತಲೇ ಬೇರೆ ಸಾಲಿದೆ. ಆ ರಾಜ್ಯದ ಬಹುಭಾಗ ಗಡಿಯಾರ ತಿರುಗಿಸುವುದಿಲ್ಲ.

ಬೇಸಿಗೆಯಲ್ಲಿ ಪಟ್ಟಿ ನೋಡಿದವರು ಗಾಬರಿಯಾಗುವ ಒಂದು ವಿಷಯ ಇದೆ. ಜುಲೈನಲ್ಲೂ ಲಂಡನ್ ಮುಂದೆ ಸೊನ್ನೆ ಅಂತಲೇ ಬರೆದಿರುತ್ತದೆ, ನ್ಯೂಯಾರ್ಕ್ ಮುಂದೆ ಮೈನಸ್ ಐದು ಅಂತಲೇ ಇರುತ್ತದೆ. ‘ಓಹೋ, ಅಪ್‌ಡೇಟ್ ಆಗಿಲ್ಲ’ ಅಂದುಕೊಳ್ಳಬೇಡಿ. ಅದು ಚಳಿಗಾಲದ ಅಂಕಿ, ಬರೀ ಹಣೆಪಟ್ಟಿ. ಒಳಗೆ ಗಡಿಯಾರ ಸರಿಯಾಗೇ ನಡೆಯುತ್ತಿರುತ್ತದೆ.

ಪಂಚಾಂಗ ಹೊಸದಾ, ಹಳೇದಾ

ವಿಂಡೋಸ್‌ಗೆ ಹೊಸ ನಿಯಮಗಳು ಬರುವುದು ವಿಂಡೋಸ್ ಅಪ್‌ಡೇಟ್ ಮೂಲಕ. ಅಪ್‌ಡೇಟ್ ನಿಲ್ಲಿಸಿ ಇಟ್ಟವರಿಗೆ ಬರುವುದಿಲ್ಲ. ನಮ್ಮ ಕಡೆ ಇಂಥವರು ತುಂಬಾ ಜನ. ‘ಡೇಟಾ ಖಾಲಿ ಆಗುತ್ತೆ’ ಅಂತ ಅಪ್‌ಡೇಟ್ ಆಫ್ ಮಾಡಿಸಿಕೊಂಡು ಹೋಗುತ್ತಾರೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೆಟ್ ನಡೆಸುವ ತೋಟದ ಮನೆಗಳಿಗೆ ಅದು ನಿಜವಾದ ಕಷ್ಟವೇ, ಸುಮ್ನೆ ಬೈಯಲು ಆಗುವುದಿಲ್ಲ. ತಿಂಗಳಿಗೊಮ್ಮೆ ಪೇಟೆಗೆ ಬಂದಾಗ ಲ್ಯಾಪ್‌ಟಾಪ್ ತಂದು ವೈಫೈನಲ್ಲಿ ಅಪ್‌ಡೇಟ್ ಮಾಡಿಕೊಂಡು ಹೋಗಿ ಅಂತ ನಾನು ಹೇಳುತ್ತೇನೆ. ಕನಿಷ್ಠ ಫೆಬ್ರವರಿ ಕೊನೆಗೆ ಒಂದು ಸಲ, ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಸಲ.

ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಯಂತ್ರಗಳು ಲಂಡನ್, ನ್ಯೂಯಾರ್ಕ್ ಟೈಮನ್ನು ಈಗಲೂ ಸರಿಯಾಗೇ ತೋರಿಸುತ್ತವೆ, ಯಾಕೆಂದರೆ ಆ ನಿಯಮಗಳು 2007ರಿಂದ ಬದಲಾಗಿಲ್ಲ. ಆದರೆ ವಿಂಡೋಸ್ 7ಕ್ಕೆ ಮೆಕ್ಸಿಕೋ, ಜೋರ್ಡಾನ್ ಬದಲಾದದ್ದು ಗೊತ್ತಿಲ್ಲ. ಜೋರ್ಡಾನಿನ ಗಿರಾಕಿಗೆ ಕಾಫಿ ಕಳಿಸುವವರು ಹಳೇ ಯಂತ್ರದಲ್ಲಿ ‘ಅಮ್ಮಾನ್’ ಗಡಿಯಾರ ಇಟ್ಟುಕೊಂಡರೆ ಚಳಿಗಾಲದಲ್ಲಿ ಒಂದು ಗಂಟೆ ತಪ್ಪುತ್ತದೆ. ಸದ್ಯಕ್ಕೆ ಒಂದು ಅಡ್ಡದಾರಿ ಇದೆ: ‘ಅಮ್ಮಾನ್’ ಬದಲು ‘ಕುವೈತ್, ರಿಯಾದ್’ ಆರಿಸಿ. ಈಗ ಎರಡೂ ಕಡೆ ಒಂದೇ ಟೈಮ್, ಎರಡೂ ಕಡೆ ಗಡಿಯಾರ ತಿರುಗಿಸುವುದಿಲ್ಲ. ಊರಿನ ಹೆಸರೇ ಹಾಕಿ ಅಂತ ಮೇಲೆ ಹೇಳಿದ್ದಕ್ಕೆ ಇದು ವಿರುದ್ಧ, ಗೊತ್ತು. ಪಂಚಾಂಗ ಹೊಸದು ಮಾಡಲಾಗದ ಯಂತ್ರಕ್ಕೆ ಮಾತ್ರ ಈ ಉಪಾಯ.

ನಿಮ್ಮ ಯಂತ್ರಕ್ಕೆ ನಿಯಮ ಗೊತ್ತಿದೆಯೇ ಅಂತ ಮುಂಚೆಯೇ ಪರೀಕ್ಷೆ ಮಾಡಬಹುದು. ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಇದ್ದರೆ ಎರಡು ಸುಳ್ಳು ಅಪಾಯಿಂಟ್‌ಮೆಂಟ್ ಹಾಕಿ ನೋಡಿ. ಮೊದಲನೆಯದು ಲಂಡನ್ ಗಡಿಯಾರ ಬದಲಾಗುವ ಭಾನುವಾರಕ್ಕೆ ಎರಡು ದಿನ ಮುಂಚೆ, ಎರಡನೆಯದು ಎರಡು ದಿನ ಆದಮೇಲೆ. ‘ಟೈಮ್ ಝೋನ್ಸ್’ ಗುಂಡಿ ಒತ್ತಿ ಎರಡಕ್ಕೂ ಲಂಡನ್ ಬೆಳಗ್ಗೆ 9 ಅಂತ ಕೊಡಿ. ಮಾರ್ಚ್‌ನಲ್ಲಾದರೆ ಮೊದಲನೆಯದು ನಿಮ್ಮ ಕ್ಯಾಲೆಂಡರ್‌ನಲ್ಲಿ ಮಧ್ಯಾಹ್ನ 2:30ಕ್ಕೆ ಕೂರಬೇಕು, ಎರಡನೆಯದು 1:30ಕ್ಕೆ. ಎರಡೂ ಒಂದೇ ಹೊತ್ತಿಗೆ ಕೂತರೆ ನೀವು ಆರಿಸಿದ ಝೋನ್ ತಪ್ಪು ಅಥವಾ ಪಂಚಾಂಗ ಹಳೆಯದು. ಪರೀಕ್ಷೆ ಮುಗಿದ ಮೇಲೆ ಅಳಿಸಿಬಿಡಿ. ನಾನು ಒಮ್ಮೆ ಅಳಿಸುವುದು ಮರೆತು, ಆ ವ್ಯಾಪಾರಿ ‘ಲಂಡನ್‌ನಿಂದ ಯಾರ ಫೋನ್ ಬರತ್ತೆ?’ ಅಂತ ಕಾದು ಕೂತಿದ್ದರು.

ಇನ್ನೊಂದು ಗಮನಿಸಿ. ಕಂಪ್ಯೂಟರ್ ಒಳಗೆ ಪಂಚಾಂಗ ಒಂದೇ ಇರುವುದಿಲ್ಲ. ವಿಂಡೋಸ್‌ಗೆ ಒಂದು, ಕ್ರೋಮ್ ಬ್ರೌಸರ್‌ಗೆ ತನ್ನದೇ ಒಂದು, ಜಾವಾ ಮೇಲೆ ನಡೆಯುವ ಸಾಫ್ಟ್‌ವೇರ್‌ಗಳಿಗೆ ಇನ್ನೊಂದು. ಜಗತ್ತಿನ ಎಲ್ಲ ಝೋನ್ ನಿಯಮಗಳನ್ನು ಕೂಡಿಸಿಡುವ ಒಂದು ದೊಡ್ಡ ದಾಖಲೆ ಇದೆ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ಪಾಲ್ ಎಗರ್ಟ್ ನೋಡಿಕೊಂಡು ಬಂದಿದ್ದಾರೆ. ವರ್ಷಕ್ಕೆ ಕೆಲವು ಸಲ ಹೊಸ ಆವೃತ್ತಿ ಬರುತ್ತದೆ. ಲಿನಕ್ಸ್, ಆಂಡ್ರಾಯ್ಡ್, ಮ್ಯಾಕ್, ಐಫೋನ್ ಎಲ್ಲ ಅದನ್ನೇ ಬಳಸುತ್ತವೆ. ಅದರಲ್ಲಿ ನಮ್ಮ ಝೋನ್‌ನ ಹೆಸರು ‘ಏಷ್ಯಾ ಕೋಲ್ಕತ್ತಾ’. ಹೀಗಾಗಿ ವಿಂಡೋಸ್ ಗಡಿಯಾರ ಒಂದು ಹೇಳಿ ಬ್ರೌಸರ್ ಇನ್ನೊಂದು ಹೇಳಿದರೆ, ಯಾವುದನ್ನು ಕೊನೆಯದಾಗಿ ಅಪ್‌ಡೇಟ್ ಮಾಡಿದ್ದೀರೋ ಅದನ್ನು ನಂಬಿ.

ಮೀಟಿಂಗ್ ಯಾರ ಟೈಮ್‌ನಲ್ಲಿ ಹಾಕಿದ್ದು?

ತೋಟದ ಮನೆಯಿಂದ ಕೆಲಸ ಮಾಡುವವರ ದೂರು ಇದು: ‘ಪ್ರತಿ ಮಂಗಳವಾರ ರಾತ್ರಿ 8:30ಕ್ಕೆ ಇದ್ದ ಮೀಟಿಂಗ್ ತಾನಾಗೇ 7:30ಕ್ಕೆ ಬಂದಿದೆ.’ ಅದು ತಪ್ಪಲ್ಲ. ನ್ಯೂಯಾರ್ಕ್‌ನ ಬಾಸ್ ತನ್ನ ಬೆಳಗ್ಗೆ 10 ಗಂಟೆಗೆ ಹಾಕಿದ ಮೀಟಿಂಗ್ ಅಲ್ಲಿ ಯಾವತ್ತೂ 10 ಗಂಟೆಗೇ ಇರುತ್ತದೆ. ಅವರ ಗಡಿಯಾರ ಜಿಗಿದರೆ ನಮಗೆ ಅದು ರಾತ್ರಿ 8:30ರಿಂದ 7:30ಕ್ಕೆ ಬರುತ್ತದೆ. ನೀವು ಇಲ್ಲಿಂದ ಹಾಕಿದ ಮೀಟಿಂಗ್ ಆದರೆ ನಿಮಗೆ ಅಲ್ಲಾಡುವುದಿಲ್ಲ, ಅವರಿಗೆ ಅಲ್ಲಾಡುತ್ತದೆ.

ಅದಕ್ಕೆ ಪ್ರತಿ ವಾರ ಬರುವ ಮೀಟಿಂಗ್ ಹಾಕುವಾಗ, ಯಾರ ದಿನಚರಿ ಕೆಡಬಾರದೋ ಅವರ ಊರಿನ ಝೋನ್ ಕೊಡಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಈವೆಂಟ್ ಬರೆಯುವ ಪುಟದಲ್ಲೇ ಸಮಯದ ಪಕ್ಕ ‘ಟೈಮ್ ಝೋನ್’ ಅಂತ ಇರುತ್ತದೆ. ಲಂಡನ್ ಮಾರುಕಟ್ಟೆ ಶುರುವಾಗುವ ನೆನಪು ಬೇಕಿದ್ದರೆ ‘ಲಂಡನ್ ಬೆಳಗ್ಗೆ 8:50’ ಅಂತ ಸೋಮವಾರದಿಂದ ಶುಕ್ರವಾರಕ್ಕೆ ಒಂದು ಈವೆಂಟ್ ಹಾಕಿಬಿಡಿ. ಚಳಿಗಾಲದಲ್ಲಿ 2:20ಕ್ಕೆ, ಬೇಸಿಗೆಯಲ್ಲಿ 1:20ಕ್ಕೆ ಫೋನ್ ತಾನಾಗೇ ಗಂಟೆ ಬಾರಿಸುತ್ತದೆ. ಗಡಿಯಾರ ನೋಡಿ ಲೆಕ್ಕ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. ಅದೇ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಝೋನ್ ತೋರಿಸುವ ಆಯ್ಕೆಯೂ ಇದೆ, ಎರಡು ಊರಿನ ಗಂಟೆಗಳು ಪಕ್ಕಪಕ್ಕ ಕಾಣುತ್ತವೆ.

ಮಗಳು ಸಿಯಾಟಲ್‌ನಲ್ಲಿರುವ ಅಮ್ಮನ ಪ್ರಶ್ನೆ ಸರಳ: ‘ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡಿದ್ರೆ ಅವಳು ಅಡುಗೆ ಮಾಡ್ತಾ ಇರ್ತಿದ್ಲು, ಈಗ ಮಲಗೋಕೆ ಹೊರಟೆ ಅಂತಾಳೆ, ಯಾಕೆ?’ ಚಳಿಗಾಲದಲ್ಲಿ ನಮ್ಮ ಬೆಳಗ್ಗೆ 9 ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ 7:30. ಬೇಸಿಗೆಯಲ್ಲಿ 8:30. ಮಾರ್ಚ್ ಎರಡನೇ ಭಾನುವಾರ ಆದಮೇಲೆ ಒಂದು ಗಂಟೆ ಬೇಗ ಫೋನ್ ಮಾಡಿ ಅಂದೆ. ‘ಅಷ್ಟೇನಾ’ ಅಂದರು. ಅಷ್ಟೇ.

ಫೋನ್, ಮ್ಯಾಕ್

ಇವುಗಳ ಬಗ್ಗೆ ಹೇಳುವುದು ಕಡಿಮೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ‘ಡೇಟ್ ಅಂಡ್ ಟೈಮ್’ಗೆ ಹೋಗಿ ಟೈಮ್ ಮತ್ತು ಝೋನ್ ಎರಡನ್ನೂ ಆಟೋಮ್ಯಾಟಿಕ್‌ನಲ್ಲಿಡಿ. ಕಂಪನಿಯಿಂದ ಕಂಪನಿಗೆ ದಾರಿ ಸ್ವಲ್ಪ ಬೇರೆ, ಮೇಲೆ ಹುಡುಕುವ ಜಾಗದಲ್ಲಿ ‘ಡೇಟ್’ ಅಂತ ಹೊಡೆದರೆ ಸಿಗುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಝೋನ್ ನಿಯಮಗಳು ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಮೂಲಕವೂ ಬರುವ ವ್ಯವಸ್ಥೆ ಇದೆ, ಫೋನ್ ಕಂಪನಿ ಅಪ್‌ಡೇಟ್ ಕೊಡುವುದನ್ನೇ ಕಾಯಬೇಕಿಲ್ಲ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ‘ಡೇಟ್ ಅಂಡ್ ಟೈಮ್’. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಅಲ್ಲೂ ಅದೇ ಹೆಸರು. ಎಲ್ಲ ಫೋನ್‌ನ ಕ್ಲಾಕ್ ಆ್ಯಪ್‌ನಲ್ಲೂ ವರ್ಲ್ಡ್ ಕ್ಲಾಕ್ ಇರುತ್ತದೆ, ಊರಿನ ಹೆಸರು ಸೇರಿಸಿ. ಕಂಪ್ಯೂಟರ್ ಗಡಿಯಾರದ ಮೇಲೆ ಅನುಮಾನ ಬಂದರೆ ತಾಳೆ ನೋಡಲು ಅದು ಸಾಕು.

ಯಾರೂ ನೋಡದ ಮೂಲೆಗಳು

ಕಂಪ್ಯೂಟರ್ ಸರಿ ಮಾಡಿದರೂ ತಪ್ಪು ಉಳಿಯುವ ಜಾಗಗಳಿವೆ. ಮೊದಲನೆಯದು ಎಕ್ಸೆಲ್. ಕಾಫಿ ರೇಟಿನ ಶೀಟ್‌ನಲ್ಲಿ ಲಂಡನ್ ಟೈಮ್‌ಗೆ ಐದೂವರೆ ಕೂಡಿಸುವ ಫಾರ್ಮುಲಾ ಯಾರೋ ಒಮ್ಮೆ ಬರೆದಿರುತ್ತಾರೆ. ಎಕ್ಸೆಲ್‌ಗೆ ಬೇಸಿಗೆ, ಚಳಿಗಾಲ ಗೊತ್ತಿಲ್ಲ, ಅದು ವರ್ಷವಿಡೀ ಐದೂವರೆಯನ್ನೇ ಕೂಡಿಸುತ್ತದೆ. ಬೇಸಿಗೆಯಲ್ಲಿ ಕೂಡಿಸಬೇಕಾದ್ದು ನಾಲ್ಕೂವರೆ. ಐದೂವರೆ ಅನ್ನುವುದನ್ನು ಫಾರ್ಮುಲಾದ ಒಳಗೆ ಹುದುಗಿಸಬೇಡಿ. ಶೀಟಿನ ಮೇಲ್ಗಡೆ ಒಂದು ಖಾನೆಯಲ್ಲಿ ಬರೆದು, ಅದಕ್ಕೆ ಹಳದಿ ಬಣ್ಣ ತುಂಬಿ, ಫಾರ್ಮುಲಾ ಆ ಖಾನೆಯನ್ನು ನೋಡುವ ಹಾಗೆ ಮಾಡಿ. ವರ್ಷಕ್ಕೆ ಎರಡು ಸಲ ಒಂದೇ ಅಂಕಿ ಬದಲಿಸಿದರೆ ಆಯಿತು.

ಎರಡನೆಯದು ಸಿಸಿ ಕ್ಯಾಮೆರಾದ ಡಿವಿಆರ್, ಅಂದರೆ ರೆಕಾರ್ಡಿಂಗ್ ಪೆಟ್ಟಿಗೆ. ಹೋಮ್‌ಸ್ಟೇಗಳಲ್ಲಿ, ಕಾಫಿ ಗೋಡೌನ್‌ಗಳಲ್ಲಿ ಈಗ ಎಲ್ಲ ಕಡೆ ಇದೆ. ಕೆಲವು ಡಿವಿಆರ್‌ಗಳ ಮೆನುವಿನಲ್ಲಿ ‘ಡಿಎಸ್‌ಟಿ’ ಅಂತ ಒಂದು ಚೌಕ ಇರುತ್ತದೆ, ಡೇಲೈಟ್ ಸೇವಿಂಗ್ ಟೈಮ್‌ನ ಗಿಡ್ಡ ಹೆಸರು ಅದು. ಏನೋ ಒಳ್ಳೆಯದಿರಬೇಕು ಅಂತ ಹಾಕುವವರು ಟಿಕ್ ಮಾಡಿಬಿಡುತ್ತಾರೆ. ಬೇಸಿಗೆ ಬಂದರೆ ರೆಕಾರ್ಡಿಂಗ್ ಒಂದು ಗಂಟೆ ಮುಂದೆ ಹೋಗುತ್ತದೆ. ಗೋಡೌನ್‌ನಿಂದ ಮೂಟೆ ಕಾಣೆಯಾದ ದಿನ ‘ರಾತ್ರಿ ಎರಡಕ್ಕೆ’ ಅಂತ ವಾಚ್‌ಮನ್ ಹೇಳುತ್ತಾನೆ, ವಿಡಿಯೋದಲ್ಲಿ ಆ ಗಂಟೆಗೆ ಬರೀ ಬೆಕ್ಕು. ಝೋನ್ ಐದೂವರೆ, ಡಿಎಸ್‌ಟಿ ಟಿಕ್ ತೆಗೆದದ್ದು, ಇಷ್ಟು ನೋಡಿಕೊಳ್ಳಿ.

ಕೊನೆಯದು ಡೇಲೈಟ್ ಸೇವಿಂಗ್‌ಗೆ ಸಂಬಂಧವೇ ಇಲ್ಲದ್ದು, ಆದರೆ ಜನ ಎರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಫೋನ್ ಬರುತ್ತದೆ: ‘ಅಣ್ಣಾ, ನೆಟ್ ಇದೆ, ಆದ್ರೆ ಯಾವ ಸೈಟೂ ಓಪನ್ ಆಗ್ತಿಲ್ಲ.’ ನೋಡಿದರೆ ಕಂಪ್ಯೂಟರ್ ತಾರೀಕು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಸರು ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತಿದ್ದು, ಮಲೆನಾಡಿನ ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಕಂಪ್ಯೂಟರ್ ತಾರೀಕು ಮರೆಯುತ್ತದೆ. ತಪ್ಪಿದ್ದು ಒಂದೇ ಗಂಟೆ ಅಥವಾ ಅರ್ಧ ಗಂಟೆಯಾದರೆ ಝೋನ್ ನೋಡಿ. ವರ್ಷಗಟ್ಟಲೆ ತಪ್ಪಿದ್ದರೆ ಸೆಲ್ ಬದಲಿಸಿ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಹಳೇ ಸೆಲ್‌ನ ಯಾವ ಮುಖ ಮೇಲಿತ್ತು ಅಂತ ನೋಡಿಕೊಂಡು ಹೊಸದು ಕೂರಿಸಿ. ಆಮೇಲೆ ಝೋನ್ ಇನ್ನೊಮ್ಮೆ ನೋಡಿ, ‘ಸಿಂಕ್ ನೌ’ ಒತ್ತಿ.

ನನ್ನ ವ್ಯಾಪಾರಿ ಮಿತ್ರರು ಈಗ ಮಾನಿಟರ್ ಕೆಳಗೆ ಒಂದು ಚೀಟಿ ಅಂಟಿಸಿಕೊಂಡಿದ್ದಾರೆ. ಮಾರ್ಚ್ ಕೊನೆಯ ಭಾನುವಾರದ ಮರುದಿನದಿಂದ ಊಟ ಹನ್ನೆರಡೂವರೆಗೆ ಅಂತ ಅದರಲ್ಲಿ ಬರೆದಿದೆ. ಗಡಿಯಾರ ಸರಿ ಮಾಡಿಕೊಟ್ಟಿದ್ದೇನೆ, ಇನ್ನು ಚೀಟಿ ಯಾಕೆ ಅಂತ ಕೇಳಿದೆ. ‘ನಿಮ್ಮ ಮೇಲೆ ನಂಬಿಕೆ ಇದೆ, ಆದ್ರೂ ಚೀಟಿ ಇರಲಿ’ ಅಂದರು.